ನಳಕ್ಕೆ ಕಟ್ಟಿದ ಹಸಿರು ಅರಿವೆ

ಆಗುವುದಿಲ್ಲ ಎಂದವರು ನನ್ನ ಹುಸೇನ್ ಚಾಚಾ. ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವ ಮನೆತನ ನಮ್ಮದು. ಅಬ್ಬಾ ಬೇಗ ತೀರಿಕೊಂಡಿದ್ದರಿಂದ ಮನೆಯಲ್ಲಿ ನಡೆಯುತ್ತಿದ್ದದ್ದು ಅವರ ತಮ್ಮ ಚಾಚಾನ ಮಾತು. ನಾವು ಮನೆಯಲ್ಲಿ ಆಡುವುದು ದಖನಿ. ಚಾಚಾ ಕನ್ನಡಕ್ಕೆ ಬರುತ್ತಿದ್ದದ್ದು ಎರಡೇ ಹೊತ್ತಿನಲ್ಲಿ: ಗಿರಾಕಿ ಬಂದಾಗ, ಸಿಟ್ಟು ಬಂದಾಗ. ಹುನಗುಂದದಲ್ಲಿ ಪಿಯುಸಿ ಮುಗಿಸಿ, ಬಾಗಲಕೋಟೆಗೆ ಹೋಗಿ ಬಿಎಸ್ಸಿ ಓದುತ್ತೇನೆ ಎಂದು ನಾನು ಹೇಳಿದ ದಿನ ಗಿರಾಕಿ ಯಾರೂ ಬಂದಿರಲಿಲ್ಲ. ಆದರೂ ಅವರು ಕನ್ನಡದಲ್ಲೇ ಹೇಳಿದರು.

“ಈ ಮನ್ಯಾಗ ಹುಟ್ಟಿದವರ ಕೈ ಬಣ್ಣದ ಹಂಡೇಕ್ಕಷ್ಟ ಬರೋಬರಿ. ಆ ಕೈಯಾಗ ನೀ ಡಿಗ್ರಿ ಕಾಗದ ಹಿಡೀತಿಯೇನು? ಹಿಡಿದಿ ಅಂದ್ರ ಈ ಗಡ್ಡಾನ ಹಸರು ಬಣ್ಣದಾಗ ಅದ್ದತೇನಿ, ನೋಡ್ತಿರು.”

ಹಿಡಿದೆ. ಗಡ್ಡಕ್ಕೆ ಏನೂ ಆಗಲಿಲ್ಲ. ಚಾಚಾ ಕಾಗದವನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಅಕ್ಷರ ಉಜ್ಜಿ ನೋಡಿ, “ಶಾಯಿ ಕಚ್ಚಾ ಐತಿ, ನೀರು ಬಿದ್ರ ಹೋಗತೈತಿ” ಎಂದು ಹಿಂದಕ್ಕೆ ಕೊಟ್ಟರು. ಬಿಎಸ್ಸಿ ಎಂಬ ಶಬ್ದ ಅವರ ಬಾಯಿಂದ ಒಮ್ಮೆಯೂ ಬರಲಿಲ್ಲ. ನನಗೆ ನೌಕರಿಯಾದ ಮೇಲೆ ಊರವರು ವಿಚಾರಿಸಿದರೆ, “ನಮ್ಮ ಹುಡುಗಿ ದವಾಖಾನ್ಯಾಗ ಅದಾಳ” ಎನ್ನುತ್ತಿದ್ದರು. ಎಷ್ಟೋ ಜನ ಅಮ್ಮಿಯ ಹತ್ತಿರ ಬಂದು ನನಗೆ ಏನು ಜಡ್ಡು ಎಂದು ಕೇಳಿ ಹೋಗಿದ್ದಾರೆ.

ಈಗ ಲ್ಯಾಬಿನ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು, “ಮೇಡಂ, ನಿಮ್ಮ ಅನುಭವ ಬರೆಯಿರಿ” ಎನ್ನುತ್ತಾರೆ. ನನಗೆ ಯಾವಾಗ ಯಾವ ಬಡ್ತಿ ಸಿಕ್ಕಿತು ಎಂಬುದು ಸರ್ವಿಸ್ ಪುಸ್ತಕದಲ್ಲಿದೆ. ಅದನ್ನು ಇದುವರೆಗೆ ಯಾರೂ ಓದಿಲ್ಲ, ನಾನೂ ಓದಿಲ್ಲ. ನಾನು ಬರೆಯುವುದು ಒಂದು ಬ್ಯಾಕ್ಟೀರಿಯಾದ ಬಗ್ಗೆ. ನೌಕರಿಯ ಮೊದಲ ತಿಂಗಳಿಂದ ಕೊನೆಯ ದಿನದವರೆಗೆ ನನ್ನ ಜೊತೆ ಬಿಡದೆ ಇದ್ದದ್ದು ಅದೊಂದೇ. ಮೇಲಧಿಕಾರಿಗಳು ಬದಲಾದರು.

ಅದರ ಹೆಸರು ಸ್ಯೂಡೋಮೊನಾಸ್ ಏರುಜಿನೋಸಾ. ಎರಡನೆಯ ಶಬ್ದಕ್ಕೆ ತಾಮ್ರದ ಕಿಲುಬಿನ ಬಣ್ಣದ್ದು ಎಂಬ ಅರ್ಥವಂತೆ. ಹೆಸರಿಟ್ಟವನು ಬಣ್ಣ ನೋಡಿಯೇ ಇಟ್ಟಿದ್ದಾನೆ.

ನನ್ನ ಮೊದಲ ನೌಕರಿ ಬಾದಾಮಿಯ ಒಂದು ಸಣ್ಣ ಲ್ಯಾಬಿನಲ್ಲಿ. ಅಲ್ಲಿಯ ಹಿರಿಯ ಡಾಕ್ಟರರು ಯಂತ್ರಕ್ಕಿಂತ ಮೂಗನ್ನು ನಂಬುತ್ತಿದ್ದರು, ಬ್ಯಾಕ್ಟೀರಿಯಾಗೆ ಹುಳ ಎನ್ನುತ್ತಿದ್ದರು. ಸೇರಿದ ತಿಂಗಳೇ ನಾನು ಹಬ್ಬಕ್ಕೆಂದು ಇಳಕಲ್ಲಿಗೆ ಹೋಗಿ, ಕೈ ಸುಮ್ಮನಿರದೆ ಒಂದು ಹಂಡೆ ನೂಲಿಗೆ ಬಣ್ಣ ಹಾಕಿ ಬಂದೆ. ಉಗುರಿನ ಸಂದಿಯಲ್ಲಿ ಇನ್ನೂ ಹಸಿರು ಇತ್ತು. ಮರುದಿನ ಒಬ್ಬ ರೋಗಿಯ ಕಿವಿಯ ಕೀವನ್ನು ಗಾಜಿನ ತಟ್ಟೆಯ ಮೇಲೆ ಹಚ್ಚಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟೆ. ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕ್ರಮ ಅದು. ಮುಂಜಾನೆ ತೆಗೆದರೆ ತಟ್ಟೆಗೆ ತಟ್ಟೆಯೇ ಹಸಿರಾಗಿತ್ತು. ನನ್ನ ಬೆರಳಿನ ಬಣ್ಣ ಬಿಟ್ಟಿದೆ ಎಂದುಕೊಂಡು ನಾಚಿಕೆಯಾಗಿ, ಯಾರಿಗೂ ಹೇಳದೆ ಅದನ್ನು ಕಸಕ್ಕೆ ಹಾಕಿದೆ.

ಡಾಕ್ಟರರು ಕಸದ ಬುಟ್ಟಿಯಿಂದಲೇ ಅದನ್ನು ಎತ್ತಿಕೊಂಡು ಬಂದರು. ಮುಚ್ಚಳ ತುಸು ಸರಿಸಿ ನನ್ನ ಮುಂದೆ ಹಿಡಿದರು.

“ಏನು ವಾಸನಿ ಬರ್ತೈತಿ ಹೇಳವಾ.”

“ದ್ರಾಕ್ಷಿ, ಸರ್. ಹುಳಿ ಬಂದ ದ್ರಾಕ್ಷಿ.”

“ನಿಮ್ಮ ಚಾಚಾನ ಬಣ್ಣಕ್ಕ ದ್ರಾಕ್ಷಿ ವಾಸನಿ ಬರ್ತೈತೇನು?”

“ಇಲ್ರೀ.”

“ಮತ್ತ? ಬಣ್ಣಗಾರರ ಮಗಳಾಗಿ ಹುಳದ ಬಣ್ಣ ನೋಡಿ ನಿನ್ನ ಕೈಮ್ಯಾಲ ಸಂಶಯ ತಗೊಂಡಿ. ಮೊದಲ ಹುಳದ ಮ್ಯಾಲ ತಗೋ. ಅದು ತಪ್ಪಂತ ಗೊತ್ತಾದ ಮ್ಯಾಲ ಕೈಮ್ಯಾಲ ತಗೋ.”

ಈ ಮಾತನ್ನು ನಾನು ಇಪ್ಪತ್ತು ವರ್ಷ ನಿಷ್ಠೆಯಿಂದ ಪಾಲಿಸಿದೆ. ಅದರಿಂದಾದ ಅನಾಹುತವನ್ನು ಮುಂದೆ ಹೇಳುತ್ತೇನೆ. ಈಗ ತಟ್ಟೆ ಮೂಸಿದರೆ ಮೆಮೊ ಕೊಡುತ್ತಾರೆ, ಕೊಡಬೇಕಾದದ್ದೇ. ನೀವು ಮೂಸಬೇಡಿ.

ಈ ಬ್ಯಾಕ್ಟೀರಿಯಾದ ಸ್ವಭಾವ ತಿಳಿದಿರಲಿ. ಗಟ್ಟಿಮುಟ್ಟಾದವರ ತಂಟೆಗೆ ಅದು ಹೆಚ್ಚಾಗಿ ಬರುವುದಿಲ್ಲ. ಸುಟ್ಟ ಚರ್ಮ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಕೊಳವೆ ಹಾಕಿಸಿಕೊಂಡು ಮಲಗಿದವರು, ಒಟ್ಟಿನಲ್ಲಿ ಬಾಗಿಲು ತೆರೆದಿದ್ದರೆ ಒಳಗೆ ಬರುತ್ತದೆ. ಅವಕಾಶವಾದಿ ಎಂದು ಪುಸ್ತಕದಲ್ಲಿ ಬರೆದಿರುತ್ತದೆ. ಆಸ್ಪತ್ರೆಯಲ್ಲಿ ಆ ಶಬ್ದವನ್ನು ನಾವು ಬ್ಯಾಕ್ಟೀರಿಯಾಗಳಿಗೆ ಮಾತ್ರ ಬಳಸುತ್ತೇವೆ. ಅದಕ್ಕೆ ಬೇಕಾದದ್ದು ಒಂದಿಷ್ಟು ತೇವ. ಸಿಂಕು, ಮೋರಿ, ಸಾಬೂನಿನ ಡಬ್ಬಿ, ಹೂದಾನಿಯ ನೀರು, ಎಲ್ಲಿಯೂ ಆದೀತು. ಸೌಮ್ಯವಾದ ಔಷಧಿ ನೀರಿನಲ್ಲಿ ಸಹ ಕೆಲವೊಮ್ಮೆ ಬದುಕಿ ಉಳಿಯುತ್ತದೆ. ನಲವತ್ತೆರಡು ಡಿಗ್ರಿಯಲ್ಲೂ ಬೆಳೆಯುತ್ತದೆ. ಬಾಗಲಕೋಟೆಯ ಮೇ ತಿಂಗಳನ್ನು ದೂರದೆ ಕಳೆಯುವ ಜೀವಿ ನನಗೆ ತಿಳಿದ ಮಟ್ಟಿಗೆ ಅದೊಂದೇ.

ಬಾದಾಮಿಯಿಂದ ನಾನು ಬಾಗಲಕೋಟೆಯ ಒಂದು ಆಸ್ಪತ್ರೆಗೆ ಬಂದೆ. ಹೆಸರು ಬರೆಯುವುದಿಲ್ಲ. ಅಲ್ಲಿ ಗಾಯದ ವಾರ್ಡಿನಲ್ಲಿ ಶಾಂತವ್ವ ಆಯಾ ಆಗಿದ್ದಳು. ದಿನಗೂಲಿ ಕೆಲಸ, ಖಾಯಂ ಆಗುವ ಕಡತ ಮೇಜಿನಿಂದ ಮೇಜಿಗೆ ನಡೆಯುತ್ತಿತ್ತು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಮಧ್ಯಾಹ್ನ ಅವಳ ಬುತ್ತಿಯ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯಲ್ಲಿ ನನಗೆ ಅರ್ಧ ಪಾಲು. “ಅಕ್ಕಾರ, ನಿಮ್ಮ ಕೈಗೆ ಹುಳದ ಕೆಲಸ ಬರ್ತೈತಿ, ರೊಟ್ಟಿ ಬಡಿಯೂದು ಬರೂದಿಲ್ಲ, ತಿನ್ರಿ” ಎನ್ನುತ್ತಿದ್ದಳು.

ಒಂದು ಬೇಸಿಗೆ ಆ ವಾರ್ಡಿನಲ್ಲಿ ಗಾಯಕ್ಕೆ ಕಟ್ಟಿದ ಪಟ್ಟಿಗಳು ಹಸಿರಾಗತೊಡಗಿದವು. ಮೊದಲು ಒಬ್ಬರದು, ಹದಿನೈದು ದಿನದಲ್ಲಿ ಐದು ಜನರದು. ಅವರಲ್ಲಿ ಗುಳೇದಗುಡ್ಡದ ಈರಣ್ಣ ಒಬ್ಬ. ಕುಪ್ಪಸದ ಖಣ ನೇಯುವವನು, ಸಕ್ಕರೆ ಕಾಯಿಲೆ, ಎಡಗಾಲಿಗೆ ಹುಣ್ಣು. ಮಗ್ಗ ತುಳಿಯುವ ಕಾಲು ಅದು. ಪಟ್ಟಿ ಬಿಚ್ಚಿದಾಗ ಅವನು ಬಗ್ಗಿ ನೋಡಿದ.

“ಏನ್ ಹಸರು ರೀ ಇದು! ಖಣದಾಗ ಈ ಹಸರು ಬಂದಿದ್ರ ಮಂದಿ ಬಾಗಲಾ ಮುರೀತಿದ್ರು” ಎಂದ. ಆಮೇಲೆ ಮೆಲ್ಲಗೆ ಕೇಳಿದ: “ಕಾಲು ಉಳೀತೈತಿಲ್ರೀ?”

ಅದಕ್ಕೆ ಉತ್ತರ ಕೊಡುವುದು ನನ್ನ ಕೆಲಸವಲ್ಲ ಎಂದು ನಿಯಮವಿದೆ. ಆ ನಿಯಮದ ಹಿಂದೆ ನಿಂತುಕೊಂಡೆ.

ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ಸಮಿತಿಯಾಯಿತು. ನಾನು ಹತ್ತಿ ಸುತ್ತಿದ ಕಡ್ಡಿಗಳನ್ನು ಹಿಡಿದು ಇಡೀ ವಾರ್ಡು ಒರೆಸಿದೆ: ಸಿಂಕು, ಬೇಸಿನ್ನು, ಬಾಗಿಲ ಹಿಡಿಕೆ, ನರ್ಸುಗಳ ಕೈ, ಡಾಕ್ಟರರ ಕೈ, ಶಾಂತವ್ವನ ಕೈ. ಬಾದಾಮಿಯ ಡಾಕ್ಟರರ ಮಾತಿನಂತೆ ನನ್ನ ಕೈಯ ಮೇಲೆ ಮಾತ್ರ ಸಂಶಯ ತೆಗೆದುಕೊಳ್ಳಲಿಲ್ಲ. ಶಾಂತವ್ವನ ಕೈಯಲ್ಲಿ ಅದು ಬಂತು. ದಿನವಿಡೀ ಒದ್ದೆಯಲ್ಲಿ ದುಡಿಯುವ ಕೈಯಲ್ಲಿ ಅದು ಬರದಿದ್ದರೇ ಆಶ್ಚರ್ಯ. ನಾನು ವರದಿಯಲ್ಲಿ ಬರೆದದ್ದು, “ಆಯಾಳ ಕೈಯಲ್ಲಿ ಸ್ಯೂಡೋಮೊನಾಸ್ ಕಂಡುಬಂದಿದೆ.” ಅದು ಸತ್ಯ. ಆ ಸತ್ಯದ ಮುಂದೆ ಇನ್ನೊಂದು ವಾಕ್ಯ ಬರೆಯಬೇಕಿತ್ತು: ಗಾಯಗಳಲ್ಲಿ ಬಂದದ್ದೂ ಈ ಕೈಯಲ್ಲಿ ಬಂದದ್ದೂ ಒಂದೇ ಎಂದು ಇದರಿಂದ ಹೇಳಲಾಗದು. ವರದಿಯ ಜಾಗ ಮುಗಿದಿತ್ತು, ಬರೆಯಲಿಲ್ಲ. ಜಾಗ ಮುಗಿದರೆ ಹಾಳೆಯನ್ನು ತಿರುಗಿಸಿ ಬರೆಯಬಹುದು ಎಂಬುದನ್ನು ಎಳೆಯರಾದ ನೀವು ನೆನಪಿಡಿ.

ಒಂದು ಸೋಮವಾರ ಶಾಂತವ್ವನನ್ನು ವಾರ್ಡಿನಿಂದ ತೆಗೆದು ಅಂಗಳ ಗುಡಿಸಲು ಹಾಕಿದರು. ಅವಳ ಕಡತಕ್ಕೆ ‘ಸೋಂಕು ಹರಡಿದ ಕಾರಣ’ ಎಂಬ ಟಿಪ್ಪಣಿ ಬಿತ್ತು. ಖಾಯಂ ಆಗುವ ಮಾತು ಅಲ್ಲಿಗೆ ನಿಂತಿತು.

ಆ ಸೋಮವಾರವೂ ಸೇರಿ ಎರಡು ದಿನ ಲ್ಯಾಬಿಗೆ ರಜೆಯಿತ್ತು, ಕ್ಯಾನಿನ ನೀರು ನಿಂತೇ ಇತ್ತು. ಮಂಗಳವಾರ ನಾನು ಎಲ್ಲರಿಗಿಂತ ಮೊದಲು ಬಂದು, ಶುದ್ಧ ನೀರಿನ ಕ್ಯಾನಿನ ಹತ್ತಿರ ಬಗ್ಗಿದೆ. ಭಟ್ಟಿ ಇಳಿಸಿದ ಆ ನೀರನ್ನು ನಾನೇ ಮಾಡುತ್ತಿದ್ದೆ, ಊರಿನಲ್ಲೇ ಅದಕ್ಕಿಂತ ಶುದ್ಧ ನೀರಿಲ್ಲ ಎಂದು ನನಗೆ ಹೆಮ್ಮೆ. ವಾರ್ಡಿನವರು ಗಾಯ ತೊಳೆಯುವ ಔಷಧಿಗೆ ಬೆರೆಸಲು ಅದನ್ನೇ ಒಯ್ಯುತ್ತಿದ್ದರು.

ದ್ರಾಕ್ಷಿ ವಾಸನೆ ಬಂತು.

ಕ್ಯಾನಿನ ನಳಕ್ಕೆ ಹಸಿರು ಅರಿವೆಯ ಒಂದು ತುಂಡು ಕಟ್ಟಿತ್ತು. ಕಟ್ಟಿದವಳು ನಾನೇ. ಇಳಕಲ್ಲಿನ ನಮ್ಮ ಬಣ್ಣದ ಮನೆಯಲ್ಲಿ ನಳಕ್ಕೆ ಅರಿವೆ ಕಟ್ಟದೆ ಯಾರೂ ನೀರು ಹಿಡಿಯುವುದಿಲ್ಲ. ಒಂದು ಹರಳು ಉಸುಕು ಹಂಡೆಗೆ ಬಿದ್ದರೆ ಬಣ್ಣ ಕೆಡುತ್ತದೆ ಎಂಬ ಭಯ. ಕ್ಯಾನಿನ ತಳದಲ್ಲಿ ಒಮ್ಮೆ ಎರಡು ಬಿಳಿ ಹರಳು ಕಂಡವೆಂದು ನನ್ನ ಕೈ ತಾನಾಗಿ ಹೋಗಿ ಅರಿವೆ ಕಟ್ಟಿತ್ತು. ಜಿಲ್ಲೆಯಲ್ಲೇ ಅತಿ ಶುದ್ಧವಾದ ನೀರನ್ನು ನಾನು ಸೋಸುತ್ತಿದ್ದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ಬಿಎಸ್ಸಿ ಆದ ನಾನೂ ಕೇಳಿಕೊಳ್ಳಲಿಲ್ಲ. ಬಿಳಿ ಅರಿವೆ ಕಲೆಯಾಗುತ್ತದೆಂದು ಹಸಿರನ್ನೇ ಆರಿಸಿದ್ದೆ. ಚಾಚಾ ಸ್ವಂತ ಕೈಯಿಂದ ಬಣ್ಣ ಹಾಕಿದ ನೂಲಿನದು, ಎಷ್ಟು ತೊಳೆದರೂ ಬಿಡದ ಹಸಿರು.

ಬಿಚ್ಚಿದೆ. ಬೆರಳಿಗೆ ಲೋಳೆ ಹತ್ತಿತು. ಈ ಬ್ಯಾಕ್ಟೀರಿಯಾ ಒಂದು ಕಡೆ ಬೇರೂರಿದರೆ ಸುತ್ತ ಲೋಳೆಯ ಮನೆ ಕಟ್ಟಿಕೊಳ್ಳುತ್ತದೆ. ಔಷಧಿ ಒಳಗೆ ಹೋಗುವುದು ಕಷ್ಟ. ಹೋದರೂ ಅದರ ಮೈಯಲ್ಲಿ ಔಷಧಿಯನ್ನು ಎತ್ತಿ ಹೊರಗೆ ಚೆಲ್ಲುವ ಪಂಪುಗಳಿವೆ, ಮರೋಳದ ಏತ ನೀರಾವರಿಯ ಹಾಗೆ. ಕಣ್ಣಿಗೆ ಮಾತ್ರ ಏನೂ ಕಾಣಲಿಲ್ಲ. ಹಸಿರಿನ ಮೇಲೆ ಹಸಿರು.

ಅರಿವೆಯನ್ನು ಪರೀಕ್ಷೆಗೆ ಹಾಕಿ, ಕ್ಯಾನನ್ನು ಆ ಕ್ಷಣವೇ ಬಳಕೆಯಿಂದ ತೆಗೆದೆ. ಮರುದಿನ ತಟ್ಟೆ ಹಸಿರಾಗಿತ್ತು. ಅದನ್ನು ಹಿಡಿದು ನೇರ ಅಧೀಕ್ಷಕರ ಕೋಣೆಗೆ ಹೋಗಬೇಕಿತ್ತು. ಹೋಗಲಿಲ್ಲ. ಇನ್ನೊಮ್ಮೆ ಖಚಿತಪಡಿಸಿಕೊಳ್ಳೋಣ ಎಂದುಕೊಂಡೆ. ಹೆದರಿಕೆಗೆ ವಿಜ್ಞಾನದಲ್ಲಿ ಅಂಥ ಒಳ್ಳೆಯ ಹೆಸರುಗಳಿವೆ. ಇಡೀ ಮನೆತನದಲ್ಲಿ ಓದಿದವಳು ನಾನೊಬ್ಬಳು. ನನ್ನ ಕೈಯಿಂದಲೇ ಐದು ಜನರ ಗಾಯ ಕೊಳೆತವು ಎಂದು ಹೇಳಿದರೆ, ಚಾಚಾನ ಬಣ್ಣದ ಹಂಡೆಯ ಮಾತು ನಿಜವಾಗುತ್ತಿತ್ತು. ಹೀಗೆ ನಾಲ್ಕು ದಿನ ಕಳೆದೆ.

ಐದನೆಯ ದಿನ ಅಂಗಳದಲ್ಲಿ ಶಾಂತವ್ವ ಸಿಕ್ಕಳು. ಬುತ್ತಿ ಬಿಚ್ಚಿ ಒಬ್ಬಳೇ ಕೂತಿದ್ದಳು. ನಾನು ರೂಢಿಯಂತೆ ಪಕ್ಕಕ್ಕೆ ಕೂತೆ. ಅವಳು ಡಬ್ಬಿಯನ್ನು ಆ ಕಡೆ ಸರಿಸಿದಳು.

“ಯಾಕ ಶಾಂತವ್ವಾ, ರೊಟ್ಟಿ ಇಲ್ಲೇನು ನನಗ?”

“ಬ್ಯಾಡ್ರಿ ಅಕ್ಕಾರ. ನನ್ನ ಕೈಯಾಗ ಹುಳ ಅದಾವಂತ ನೀವ ಬರದು ಕೊಟ್ಟೀರಿ. ನಾ ಬಡಿದ ರೊಟ್ಟಿ ಸೊಸಿ ತಿನ್ನವಲ್ಲಳು. ಮೊಮ್ಮಗಳಿಗೂ ಕೊಡಗೊಡವಲ್ಲಳು. ತನ್ನ ರೊಟ್ಟಿಗೆ ಬ್ಯಾರೆ ಹೆಂಚು ಇಟ್ಟಾಳ. ನೌಕರಿ ಹೋಗವಲ್ದ್ಯಾಕ, ಹೆಂಚು ಬ್ಯಾರೆ ಆತಲ್ರೀ.”

ಅಂದೇ ಮಧ್ಯಾಹ್ನ ಅಧೀಕ್ಷಕರಿಗೆ ಬರೆದುಕೊಟ್ಟೆ: ಮೂಲ ನನ್ನ ಕ್ಯಾನಿನ ನಳಕ್ಕೆ ನಾನೇ ಕಟ್ಟಿದ ಅರಿವೆ, ತಪ್ಪು ನನ್ನದು. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮೇಡಂ, ನಿಮ್ಮ ಮನಸ್ಸು ಭಾಳ ದೊಡ್ಡದೈತಿ. ಬಡವಿ ಅಂತ ನಿಮಗ ಕನಿಕರ. ಆದರ ನೋಡ್ರಿ, ಆಕಿನ್ನ ಸೋಮವಾರ ತಗದ್ವಿ. ಆವತ್ತಿನಿಂದ ಒಂದೂ ಹೊಸಾ ಕೇಸು ಇಲ್ಲ. ಇದಕ್ಕಿಂತ ಪುರಾವೆ ಬೇಕೇನ್ರಿ?”

“ಸರ್, ಅರಿವೆ ತಗದದ್ದು ಮಂಗಳವಾರ ರೀ.”

“ಹೌದ್ರಿ. ಸೋಮವಾರ ಮೊದಲ ಬರ್ತೈತಿ.”

ನಾನು ತಪ್ಪು ಒಪ್ಪಿಕೊಳ್ಳಲು ಹೋಗಿ ಒಳ್ಳೆಯವಳೆಂದು ಹೆಸರು ತಂದುಕೊಂಡು ಬಂದೆ. ಸಮಿತಿಯ ಕೊನೆಯ ವರದಿಯಲ್ಲಿ ನನ್ನ ಶ್ರಮಕ್ಕೆ ಮೆಚ್ಚುಗೆಯ ಸಾಲು ಇತ್ತು. ಈರಣ್ಣನ ಎರಡು ಕಾಲ್ಬೆರಳು ಹೋದವು, ಕಾಲು ಉಳಿಯಿತು. ಆಮೇಲೆ ಅವನು ಮಗ್ಗಕ್ಕೆ ಮರಳಿದ ಸುದ್ದಿ ಬಂತು. ಉಳಿದ ನಾಲ್ವರ ಗಾಯವೂ ತಡವಾಗಿ ಮಾಯಿತು. ಮಾಯದಿದ್ದದ್ದು ಶಾಂತವ್ವನ ಟಿಪ್ಪಣಿ.

ನನಗೆ ಉಳಿದದ್ದು ಒಂದೇ ಕೆಲಸ. ಮೂರು ಸಣ್ಣ ನಳಿಕೆಗಳಲ್ಲಿ ಮೂರು ಕಡೆಯ ಬ್ಯಾಕ್ಟೀರಿಯಾ ತುಂಬಿ, ಸಾಯದಂತೆ ಗ್ಲಿಸರಿನ್ ಬೆರೆಸಿ, ಆಳ ಶೀತದ ಪೆಟ್ಟಿಗೆಯಲ್ಲಿಟ್ಟೆ: ಈರಣ್ಣನ ಗಾಯದ್ದು, ಅರಿವೆಯದು, ಶಾಂತವ್ವನ ಕೈಯದು. ಮೂರೂ ತಟ್ಟೆಯ ಮೇಲೆ ಒಂದೇ ಬಗೆಯ ಹಸಿರು, ಅದೇ ದ್ರಾಕ್ಷಿ. ಔಷಧಿಗೆ ಬಗ್ಗುವ ಬಗೆಯೂ ಹೆಚ್ಚುಕಡಿಮೆ ಒಂದೇ. ಆಗಿನ ನಮ್ಮ ವಿದ್ಯೆ ಅಷ್ಟಕ್ಕೇ ನಿಲ್ಲುತ್ತಿತ್ತು. ಬೇರೆ ಮಾಡಿ ತೋರಿಸುವ ದಿನ ಬಂದೀತು ಎಂದು ಕಾದೆ.

ಕರೆಂಟು ಹೋದಾಗಲೆಲ್ಲ ಐಸು ಹುಡುಕಿಕೊಂಡು ಓಡಿದೆ. ಬಂದ ಪ್ರತಿಯೊಬ್ಬ ಮುಖ್ಯಸ್ಥರೂ ಮೊದಲ ವಾರದಲ್ಲಿ ಆ ಪೆಟ್ಟಿಗೆಯನ್ನು ಸ್ವಚ್ಛ ಮಾಡಲು ಹೊರಡುತ್ತಿದ್ದರು. ಒಬ್ಬರು, “ಏನ್ರಿ ಇದು, ಸಂಡಗಿ ಕಾದಿಟ್ಟಂಗ ಇಟ್ಟೀರಿ, ಒಗೀರಿ ಅತ್ಲಾಗ” ಎಂದರು. ನಾನು ನಳಿಕೆಗಳ ಮೇಲೆ ‘ಅಪಾಯ’ ಎಂದು ಕೆಂಪು ಶಾಯಿಯಲ್ಲಿ ಬರೆದೆ. ಆಮೇಲೆ ಯಾರೂ ಮುಟ್ಟಲಿಲ್ಲ. ಯಾರಿಗೆ ಅಪಾಯ ಎಂದು ಬರೆದಿರಲಿಲ್ಲ.

ನನ್ನ ನಿವೃತ್ತಿಗೆ ಎರಡು ವರ್ಷವಿದ್ದಾಗ ವಿದ್ಯಾ ಮೇಡಂ ನಮ್ಮ ವಿಭಾಗಕ್ಕೆ ಮುಖ್ಯಸ್ಥರಾಗಿ ಬಂದರು. ವಯಸ್ಸಿನಲ್ಲಿ ನನ್ನ ಮಗಳಷ್ಟು. ನಳಿಕೆಗಳ ಕಥೆ ಹೇಳಿದೆ. ಅವರು ನಗಲಿಲ್ಲ.

“ಒಗೀಬ್ಯಾಡ್ರಿ. ಇವುಗಳ ಜೀನೋಮ್ ಓದಿಸೋಣು” ಎಂದರು.

ಓದಿಸುವುದೆಂದರೆ, ಬ್ಯಾಕ್ಟೀರಿಯಾದ ಇಡೀ ಅನುವಂಶಿಕ ಬರಹವನ್ನು ಅಕ್ಷರ ಅಕ್ಷರವಾಗಿ ಓದುವುದು. ಇದರದ್ದು ಅರವತ್ತು ಲಕ್ಷಕ್ಕೂ ಮೇಲೆ ಅಕ್ಷರ, ಬಳೆಯಂತೆ ಸುತ್ತಿಕೊಂಡ ಒಂದೇ ಎಳೆ. ಬ್ಯಾಕ್ಟೀರಿಯಾಗಳಲ್ಲಿ ಇದು ದೊಡ್ಡದು. ಕ್ಷಯದ ಬ್ಯಾಕ್ಟೀರಿಯಾದ ಬರಹ ಇದಕ್ಕಿಂತ ಎಷ್ಟೋ ಚಿಕ್ಕದು. ಐದೂವರೆ ಆರು ಸಾವಿರ ಜೀನುಗಳು, ಅವುಗಳಲ್ಲಿ ಹೆಚ್ಚುಕಡಿಮೆ ಹತ್ತಕ್ಕೊಂದು ತಾನು ದುಡಿಯುವುದಿಲ್ಲ. ಉಳಿದವು ಯಾವಾಗ ಏಳಬೇಕು, ಯಾವಾಗ ಸುಮ್ಮನಿರಬೇಕು ಎಂದು ಹುಕುಂ ಕೊಡುತ್ತದೆ. ನಮ್ಮ ಆಸ್ಪತ್ರೆಯಲ್ಲೂ ಹುಕುಂ ಕೊಡುವವರಿಗೆ ಕೊರತೆ ಇರಲಿಲ್ಲ. ಆದರೆ ಬ್ಯಾಕ್ಟೀರಿಯಾದಲ್ಲಿ ಹುಕುಂ ಪಾಲನೆಯಾಗುತ್ತದೆ. ಅದಕ್ಕೇ ಅದು ಮೋರಿಯಲ್ಲಿಯೂ ಬಾಳುತ್ತದೆ, ಹುಣ್ಣಿನಲ್ಲಿಯೂ ಬಾಳುತ್ತದೆ, ನನ್ನ ಅರಿವೆಯಲ್ಲಿಯೂ ಬಾಳಿತು.

ನಳಿಕೆಗಳು ದೂರದ ದೊಡ್ಡ ಪ್ರಯೋಗಾಲಯಕ್ಕೆ ಹೋದವು. ತಿಂಗಳುಗಟ್ಟಲೆ ಕಾದ ಮೇಲೆ ವರದಿ ಬಂತು. ಈರಣ್ಣನ ಗಾಯದ್ದಕ್ಕೂ ನನ್ನ ಅರಿವೆಯದಕ್ಕೂ ಅಷ್ಟು ಲಕ್ಷ ಅಕ್ಷರಗಳಲ್ಲಿ ವ್ಯತ್ಯಾಸ ಬೆರಳಲ್ಲಿ ಎಣಿಸುವಷ್ಟು. ಒಂದೇ ವಂಶ. ಶಾಂತವ್ವನ ಕೈಯದು ಸಾವಿರಾರು ಕಡೆ ಬೇರೆ. ಅದು ವಾರ್ಡಿಗೆ ಸಂಬಂಧವೇ ಇಲ್ಲದ, ಯಾವುದೋ ಮೋರಿಯ ಬಡಪಾಯಿ.

ಹೊಸ ಅಧೀಕ್ಷಕರು ವರದಿ ನೋಡಿ, “ಇಷ್ಟು ವರ್ಷ ಆದ ಮ್ಯಾಲ ಯಾಕ್ರಿ ಕೆದರ್ತೀರಿ? ನಿಮಗ ಸನ್ಮಾನ ಐತಿ, ಶಾಲು ತರಸೇವಿ” ಎಂದರು.

“ಶಾಲು ಬ್ಯಾಡ್ರಿ ಸರ್. ಆಕಿ ಕಡತದ ಟಿಪ್ಪಣಿ ರದ್ದು ಮಾಡಿ, ಆಕಿ ಸೇವಾದಾಗ ದೋಷ ಇಲ್ಲಂತ ಶಿಕ್ಕಾ ಹಾಕಿದ ಒಂದು ಪ್ರಮಾಣಪತ್ರ ಕೊಡ್ರಿ. ಅದನ್ನ ನಾನ ಕೊಡ್ತೇನಿ. ಅದು ಬರಲಿಲ್ಲಂದ್ರ ಸನ್ಮಾನಕ್ಕ ನಾನೂ ಬರೂದಿಲ್ಲ.”

ಶಾಲು ಆಗಲೇ ಬಂದಿತ್ತು. ಹಿಂದಕ್ಕೆ ಕೊಡುವ ಹಾಗಿರಲಿಲ್ಲ. ಅದಕ್ಕಾಗಿ ಪ್ರಮಾಣಪತ್ರವೂ ಬಂತು.

ನಿವೃತ್ತಿಯ ಸನ್ಮಾನದ ದಿನ ಇಳಕಲ್ಲಿನಿಂದ ಚಾಚಾ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಗಡ್ಡ ಹತ್ತಿಯಷ್ಟು ಬೆಳ್ಳಗೆ. ಕಿವಿ ಮಂದವಾಗಿತ್ತು, ಕೈಯನ್ನು ಕಿವಿಗೆ ಹಿಡಿದು ಕೇಳುತ್ತಿದ್ದರು. ಅರಿವೆಯ ವಿಷಯ ಅವರಿಗೆ ನಾನು ಎಂದೂ ಹೇಳಿರಲಿಲ್ಲ. ತಮ್ಮ ಬಣ್ಣ ಪಕ್ಕಾ ಎಂಬುದೊಂದೇ ಅವರ ಆಸ್ತಿ, ಅದನ್ನು ಈ ಕಥೆಗೆ ಎಳೆಯಲು ಮನಸ್ಸಾಗಿರಲಿಲ್ಲ. ಅಂದು ಮೈಕಿನ ಮುಂದೆ ನಿಂತು ಎಲ್ಲವನ್ನೂ ಹೇಳಿದೆ: ನಮ್ಮ ಮನೆಯ ಅರಿವೆ, ಹಸಿರಿನ ಮೇಲೆ ಹಸಿರು, ನಾಲ್ಕು ದಿನದ ನನ್ನ ಮೌನ, ಜೀನೋಮಿನ ಫಲಿತಾಂಶ. ನಾನು ಹೇಳಿಕಳಿಸಿದ್ದರಿಂದ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಶಾಂತವ್ವನನ್ನು ಕರೆದು ಪ್ರಮಾಣಪತ್ರವನ್ನು ಅವಳ ಕೈಗೆ ಕೊಟ್ಟೆ.

ಅವಳು ಅದನ್ನು ತಲೆಕೆಳಗೆ ಹಿಡಿದು, ಶಿಕ್ಕಾ ಎಲ್ಲಿದೆ ಎಂದು ಹುಡುಕಿ, ಆಮೇಲೆ ನನ್ನನ್ನು ನೋಡಿದಳು.

“ಅಕ್ಕಾರ, ಇದರದ ಒಂದು ಝೆರಾಕ್ಸ್ ತಗಿಸಿ ಕೊಡ್ರಿ. ಅಡಗಿಮನ್ಯಾಗ ಹೆಂಚಿನ ಮ್ಯಾಲ ಗ್ವಾಡಿಗೆ ಹಚ್ಚತೇನಿ.”

ಜನ ನಕ್ಕರು. ಅವಳು ನಗಲಿಲ್ಲ. ಅಷ್ಟರಲ್ಲಿ ಚಾಚಾ ಕುರ್ಚಿ ಹಿಡಿದು ಎದ್ದು ಬಂದರು. ಅವಳ ಕೈಯಿಂದ ಪ್ರಮಾಣಪತ್ರ ತೆಗೆದುಕೊಂಡು, ಬೆಳಕಿಗೆ ಹಿಡಿದು, ಬೆರಳಿನಿಂದ ಶಿಕ್ಕಾ ಉಜ್ಜಿ ನೋಡಿದರು. ಬಣ್ಣ ಬಿಡಲಿಲ್ಲ. ಎರಡೂ ಕೈಯಲ್ಲಿ ಅದನ್ನು ಹಿಂದಕ್ಕೆ ಕೊಟ್ಟರು. ಮುಂದೆ ಗಿರಾಕಿ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಆದರೂ ಕನ್ನಡದಲ್ಲೇ ಮಾತಾಡಿದರು.

“ತಂಗೆವ್ವಾ, ಆ ಅರಿವಿ ಬಣ್ಣ ನಂದು. ಭಾಳ ಪಕ್ಕಾ ಇತ್ತು. ಪಕ್ಕಾ ಇತ್ತಂತನ ಕಲೆ ಕಾಣಲಿಲ್ಲ. ಅರ್ಧ ತಪ್ಪು ನನ್ನ ಬಣ್ಣದ್ದು, ಇನ್ನರ್ಧ ನಮ್ಮ ಬಿಎಸ್ಸಿ ಮಗಳದ್ದು.”